16,000 ಸಂಬಳದಲ್ಲಿ ಅಮ್ಮನ ಔಷಧಿಗೆ ದಾರಿ ಯಾವುದು?

ಪ್ರಶ್ನೆ: ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತೇನೆ. ಸಂಬಳ 16,000; ಬಾಡಿಗೆಗೇ ಏಳು ಸಾವಿರ ಹೋಗುತ್ತದೆ. ಅಮ್ಮನಿಗೆ ಸಕ್ಕರೆ ಕಾಯಿಲೆ. ಅಂಗಡಿಯವರು ಮಾತ್ರೆಯ ಪಟ್ಟಿಯನ್ನು ಕತ್ತರಿಸಿ ಐದೈದೇ ಕೊಡುತ್ತಾರೆ, ಅಷ್ಟೇ ನನ್ನ ಶಕ್ತಿ. ವಿಮೆಯ ಕಂತು ಕಟ್ಟಲಾರೆ. ಏನು ಮಾಡಲಿ?

ಉತ್ತರ 1: ತಂಗಿ, ಸಂಬಳದ ಚೀಟಿ ನೋಡಮ್ಮ. ಇಎಸ್‌ಐಗೆಂದು (ನೌಕರರ ಸರ್ಕಾರಿ ಆರೋಗ್ಯ ವಿಮೆ) 120 ರೂಪಾಯಿ ಹಿಡಿದಿದ್ದರೆ ನಿನಗೆ ಈಗಾಗಲೇ ವಿಮೆ ಇದೆ. 21,000ದವರೆಗಿನ ಸಂಬಳಕ್ಕೆ ನಮ್ಮಿಂದ ಶೇ 0.75, ಮಾಲೀಕರಿಂದ ಶೇ 3.25. ನಿನ್ನನ್ನೇ ನಂಬಿರುವ ಅಮ್ಮನ ಹೆಸರನ್ನೂ ಸೇರಿಸು. ಮಾತ್ರೆ ಇಎಸ್‌ಐ ಚಿಕಿತ್ಸಾಲಯದಲ್ಲೇ ಸಿಗುತ್ತದೆ.

ಉತ್ತರ 2: ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ದಿನನಿತ್ಯದ ಮಾತ್ರೆಗೆ ಮಾತ್ರ ಇಎಸ್‌ಐಯೇ ಸರಿ.

ಕೇಳಿದವಳು: ಅಕ್ಕಾ, ಚೀಟಿಯಲ್ಲಿ 120 ಇದೆ! ಅಮ್ಮನ ಆಧಾರ್ ಚೀಲದಲ್ಲಿಟ್ಟುಕೊಂಡಿದ್ದೇನೆ, ಸೋಮವಾರವೇ ಹೋಗುತ್ತೇನೆ.