ಮಗನಿಗೆ ಮೊದಲ ಪೇಂಟ್‌ಬಾಲ್ ಗನ್: 300 ಡಾಲರ್‌ನಲ್ಲಿ ಏನೇನು ಬರುತ್ತದೆ?

ಕೇಳಿದವರು: ಇರ್ವಿಂಗ್, ಟೆಕ್ಸಸ್

ಎಲ್ಲರಿಗೂ ನಮಸ್ಕಾರ. ಮಗನಿಗೆ 13 ವರ್ಷ. ಸ್ನೇಹಿತನ ಬರ್ತ್‌ಡೇಗೆ ಅಂತ ಪೇಂಟ್‌ಬಾಲ್ (ಬಣ್ಣ ತುಂಬಿದ ಬಾಲನ್ನು ಗನ್ನಿನಿಂದ ಹೊಡೆದಾಡುವ ಆಟ) ಆಡಲು ಹೋಗಿ ಬಂದ, ಅವತ್ತಿನಿಂದ ಅದೇ ಜಪ. ಆಮೇಲೆ ನಾನೂ ಎರಡು ಸಲ ಜೊತೆಗೆ ಹೋದೆ. ನಿಜ ಹೇಳಬೇಕೆಂದರೆ ನನಗೂ ಸ್ವಲ್ಪ ಹುಚ್ಚು ಹಿಡಿದಿದೆ. ಪ್ರತಿ ಸಲ ಬಾಡಿಗೆ ಕೊಡುವ ಬದಲು ಅವನಿಗೊಂದು ಸ್ವಂತ ಗನ್ ಕೊಡಿಸೋಣ ಅಂತ ಲೆಕ್ಕ ಹಾಕುತ್ತಿದ್ದೇನೆ. 300 ಡಾಲರ್‌ನಲ್ಲಿ ಎಲ್ಲ ಮುಗಿಯಬೇಕು. ಅಂಗಡಿಯವನು 280 ಡಾಲರ್‌ನ ಗನ್ ತೋರಿಸಿ "ಇದನ್ನೇ ತಗೊಳ್ಳಿ" ಅಂದ. ಮನೆಯವಳು ಕೇಳುತ್ತಿರುವುದು ಒಂದೇ: "ಕಣ್ಣಿಗೆ ಬಿದ್ದರೆ ಏನು ಗತಿ?" ಆಡಿ ಗೊತ್ತಿರುವವರು ನಿಮ್ಮ ಅನುಭವ ಹೇಳಿ.

ಪ್ಲೇನೋದಿಂದ

ಸರ್, ಅಂಗಡಿಯವನ ಮಾತು ಪಕ್ಕಕ್ಕಿಡಿ, ನಿಮ್ಮ ಮನೆಯವರ ಪ್ರಶ್ನೆಯಿಂದ ಶುರು ಮಾಡಿ. ಮೊದಲು ಮಾಸ್ಕ್, ಆಮೇಲೆ ಬಾಲನ್ನು ತಳ್ಳುವ ಗಾಳಿಯ ಟ್ಯಾಂಕ್, ಉಳಿದ ದುಡ್ಡಿಗೆ ಗನ್. ನಾನು ಇದನ್ನು ಉಲ್ಟಾ ಮಾಡಿ ಕಲಿತವನು.

ಆರು ವರ್ಷದ ಹಿಂದೆ ಕೈಯಲ್ಲಿದ್ದ ದುಡ್ಡನ್ನೆಲ್ಲ ಗನ್ನಿಗೆ ಸುರಿದೆ. ಮಾಸ್ಕ್‌ಗೆ ಉಳಿದಿದ್ದು 20 ಡಾಲರ್. ಅದಕ್ಕೆ ಒಂದೇ ಪದರದ ಲೆನ್ಸಿನ ಮಾಸ್ಕ್ ಬಂತು. ಜುಲೈ ತಿಂಗಳು, ನಮ್ಮ ಟೆಕ್ಸಸ್ ಬಿಸಿಲು ಗೊತ್ತಲ್ಲ. ಹತ್ತು ನಿಮಿಷ ಓಡಾಡುವಷ್ಟರಲ್ಲಿ ಲೆನ್ಸ್ ಒಳಗೆಲ್ಲ ಹಬೆ. ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿದ ಹಾಗಿತ್ತು, ಮುಂದೆ ಮರ ಇದೆಯೋ ಮನುಷ್ಯ ಇದ್ದಾನೋ ಗೊತ್ತಾಗುತ್ತಿರಲಿಲ್ಲ. ಹಲಗೆಯ ಮರೆಯಲ್ಲಿ ಕೂತು, ಯಾರೂ ನೋಡುತ್ತಿಲ್ಲ ಅಂದುಕೊಂಡು ಮಾಸ್ಕ್ ಎತ್ತಿ ಒರೆಸಿಕೊಂಡೆ. ಕಿವಿಯ ಪಕ್ಕದ ಹಲಗೆಗೆ ಪಟ್ ಅಂತ ಒಂದು ಬಾಲ್ ಬಿತ್ತು. ರೆಫರಿ ಸೀಟಿ ಊದಿ ಆಟ ನಿಲ್ಲಿಸಿ ನನ್ನನ್ನು ಆ ದಿನಕ್ಕೆ ಮನೆಗೆ ಕಳಿಸಿದ. ಸರಿಯಾಗೇ ಮಾಡಿದ.

ಬಾಲ್ 0.68 ಇಂಚು, ಅಂದರೆ ಸುಮಾರು 17 ಮಿಲಿಮೀಟರ್. ಕಣ್ಣಿನ ಗೂಡಿನೊಳಗೆ ಸಲೀಸಾಗಿ ಹೊಕ್ಕುವಷ್ಟು ಚಿಕ್ಕದು. ಹೆಚ್ಚೆಂದರೆ ಸೆಕೆಂಡಿಗೆ 300 ಅಡಿ ವೇಗಕ್ಕೆ ಬಿಡುತ್ತಾರೆ, ಎಷ್ಟೋ ಫೀಲ್ಡ್‌ಗಳಲ್ಲಿ 280ಕ್ಕೇ ಮಿತಿ. 300 ಅಡಿ ಅಂದರೆ ಗಂಟೆಗೆ 330 ಕಿಲೋಮೀಟರ್ ಹತ್ತಿರ. ಒಳ್ಳೆಯ ವೇಗದ ಬೌಲರ್ ಹಾಕುವ ಚೆಂಡಿನ ಎರಡು ಪಟ್ಟಿಗಿಂತ ಜಾಸ್ತಿ. ತೊಡೆಗೆ ಬಿದ್ದರೆ ನಾಲ್ಕು ದಿನ ನೀಲಿಗಟ್ಟಿ ಹೋಗುತ್ತದೆ. ಕಣ್ಣಿಗೆ ಬಿದ್ದರೆ ಹೋದ ಕಣ್ಣು ವಾಪಸ್ ಬರುವುದಿಲ್ಲ. ಇದನ್ನು ಮನೆಯವರಿಗೆ ಮುಚ್ಚಿಡಬೇಡಿ. ಮಾಸ್ಕ್ ಮುಖದ ಮೇಲೆ ಇರುವಷ್ಟು ಹೊತ್ತು ಆ ಭಯ ಇಲ್ಲ, ಅದನ್ನೂ ಹೇಳಿ. ಹಬೆ ಕಟ್ಟಿದಾಗ ಮಾಸ್ಕ್ ಎತ್ತೋಣ ಅಂತ ಕೈ ಮೇಲೆ ಹೋಗುತ್ತದಲ್ಲ, ಅಪಾಯ ಅಲ್ಲಿದೆ. ಹಾಗಾಗಿ ಹಬೆ ಕಟ್ಟದ ಮಾಸ್ಕ್‌ಗೆ ಕೊಡುವ ದುಡ್ಡು ಶೋಕಿಗಲ್ಲ.

ಕೊಳ್ಳುವಾಗ "ಥರ್ಮಲ್ ಲೆನ್ಸ್" ಅಂತ ಕೇಳಿ. ಎರಡು ಪದರ ಇರುತ್ತದೆ, ನಡುವೆ ಗಾಳಿ, ಆದ್ದರಿಂದ ಮಂಜು ಬೇಗ ಹಿಡಿಯುವುದಿಲ್ಲ. ನಾನು ಆಮೇಲೆ ಕೊಂಡ ಎಂಪೈರ್ ಹೀಲಿಕ್ಸ್ ಮಾಸ್ಕ್‌ಗೆ 45 ಡಾಲರ್ ಬಿತ್ತು, ಇವತ್ತಿಗೂ ಅದನ್ನೇ ಹಾಕುತ್ತೇನೆ. ಡೈ, ವರ್ಚ್ಯೂ ಕಂಪನಿಗಳದ್ದು ಇನ್ನೂ ಚೆನ್ನಾಗಿವೆ, ಆದರೆ ನಿಮ್ಮ ಬಜೆಟ್‌ನ ಅರ್ಧ ನುಂಗುತ್ತವೆ. ಯಾವುದೇ ಇರಲಿ, ಮೇಲೆ ಎಎಸ್‌ಟಿಎಂ ಎಫ್1776 ಅಂತ ಗುರುತು ಇರಲೇಬೇಕು, ಅದು ಪೇಂಟ್‌ಬಾಲ್ ಮಾಸ್ಕ್‌ಗೇ ಇರುವ ಸುರಕ್ಷತೆಯ ಮಾನದಂಡ. ಏರ್‌ಸಾಫ್ಟ್ (ಚಿಕ್ಕ ಪ್ಲಾಸ್ಟಿಕ್ ಗುಂಡಿನ ಆಟ) ಆಡುವವರ ಜಾಲರಿ ಮಾಸ್ಕ್ ಅಗ್ಗ ಅಂತ ತರಬೇಡಿ, ಬಾಲ್ ಒಡೆದರೆ ಬಣ್ಣ ಜಾಲರಿಯೊಳಗಿಂದ ಸೀದಾ ಕಣ್ಣಿಗೆ. ಮಗನನ್ನು ಕರೆದುಕೊಂಡು ಹೋಗಿ ಹಾಕಿಸಿ ನೋಡಿ. ಸುತ್ತಲಿನ ಫೋಮ್ ಹಣೆಗೆ, ಕೆನ್ನೆಗೆ ಎಲ್ಲೂ ಸಂದಿ ಇಲ್ಲದೆ ಕೂರಬೇಕು.

ಲೆನ್ಸ್ ಒರೆಸಲು ಅಡುಗೆಮನೆಯ ಗಾಜಿನ ಸ್ಪ್ರೇ ಬೇಡವೇ ಬೇಡ. ಅದರಲ್ಲಿರುವ ಅಮೋನಿಯಾ ಪ್ಲಾಸ್ಟಿಕ್‌ನ ಬಲ ಕೆಡಿಸುತ್ತದೆ. ಒದ್ದೆ ಮಾಡಿದ ಮೆತ್ತನೆಯ ಬಟ್ಟೆ ಸಾಕು. ಥರ್ಮಲ್ ಲೆನ್ಸನ್ನು ನಲ್ಲಿ ಕೆಳಗೆ ಹಿಡಿಯಲೂಬೇಡಿ. ಎರಡು ಪದರದ ನಡುವೆ ನೀರು ಹೊಕ್ಕಿತೋ, ಕತೆ ಮುಗಿಯಿತು. ತೀರಾ ಹತ್ತಿರದಿಂದ ಲೆನ್ಸಿಗೆ ಏಟು ಬಿದ್ದಿದ್ದರೆ, ಬಿರುಕು ಕಾಣದಿದ್ದರೂ ಬದಲಾಯಿಸಿ.

ಇನ್ನು ಗನ್. ಆಡುವವರು ಇದನ್ನು ಮಾರ್ಕರ್ ಅನ್ನುತ್ತಾರೆ, ಕಾರಣವೂ ಇದೆ. ಮೊದಲು ಬಳಸಿದ ನೆಲ್‌ಸ್ಪಾಟ್ 007 ಎಂಬ ಗನ್ ಕಾಡಿನಲ್ಲಿ ಮರಗಳಿಗೆ ಗುರುತು ಹಾಕಲು ಮಾಡಿದ್ದು. 1981ರ ಜೂನ್‌ನಲ್ಲಿ ನ್ಯೂ ಹ್ಯಾಂಪ್‌ಷೈರ್‌ನ ಹೆನಿಕರ್‌ನಲ್ಲಿ 12 ಜನ ಅದನ್ನು ಹಿಡಿದು ಕಾಡಿನಲ್ಲಿ ಮೊದಲ ಆಟ ಆಡಿದರು. ಗೆದ್ದವನು ರಿಚೀ ವೈಟ್ ಎಂಬ ಮರ ಕಡಿಯುವ ಕಸುಬಿನವನು. ಅವನು ಒಂದೇ ಒಂದು ಬಾಲನ್ನೂ ಹಾರಿಸದೆ, ಸದ್ದಿಲ್ಲದೆ ಓಡಾಡಿ ಬಾವುಟಗಳನ್ನೆಲ್ಲ ಕಿತ್ತುಕೊಂಡು ಬಂದ. ದುಬಾರಿ ಗನ್ ಬೇಕು ಅಂತ ಮಗ ಹಟ ಹಿಡಿದರೆ ಈ ಕತೆ ಹೇಳಿ.

ನಿಮ್ಮ ದುಡ್ಡಿಗೆ ಟಿಪ್‌ಮನ್ 98 ಅಥವಾ ಟಿಪ್‌ಮನ್ ಕ್ರೋನಸ್ ನೋಡಿ. ಬ್ಯಾಟರಿ ಇಲ್ಲ, ಬರೀ ಯಂತ್ರ. ನಮ್ಮ ಊರಿನ ಹಳೇ ಸ್ಪ್ಲೆಂಡರ್ ಬೈಕ್ ಇದ್ದ ಹಾಗೆ, ಕೆಸರಿಗೆ ಬಿದ್ದರೂ ಎದ್ದು ಓಡುತ್ತದೆ. ಆಟಕ್ಕೆ ಮುಂಚೆ ನಾಲ್ಕು ಹನಿ ಎಣ್ಣೆ ಬಿಟ್ಟರೆ ಆಯಿತು. ನನ್ನ ಕ್ರೋನಸ್‌ಗೆ 110 ಡಾಲರ್ ಆಗಿತ್ತು.

ಮಿಷಿಗನ್‌ನ ನೋವೈನಿಂದ

ಮೇಲಿನವರ ಮಾಸ್ಕ್ ಮಾತಿಗೆ ನನ್ನದೂ ಒಂದು ಕೈ ಸೇರಿಸಿ. ಗನ್ ವಿಷಯದಲ್ಲಿ ಮಾತ್ರ ಒಪ್ಪುವುದಿಲ್ಲ.

ನೋಡ್ರಿ, ಟಿಪ್‌ಮನ್ ಗಟ್ಟಿ, ಸರಿ. ಆದರೆ ಹೊಡೆಯುವಾಗ ಒದೆಯುತ್ತದೆ, ಸದ್ದೂ ಜಾಸ್ತಿ. ನನ್ನ ಮಗಳು ಎರಡು ವರ್ಷ ಅದನ್ನೇ ಹಿಡಿದು, ಆಮೇಲೆ ಪ್ಲಾನೆಟ್ ಎಕ್ಲಿಪ್ಸ್‌ನವರ ಎಮೆಕ್ ತಗೊಂಡಳು. ಅದಕ್ಕೂ ಬ್ಯಾಟರಿ ಬೇಡ. ಹೊಡೆತ ಮೆತ್ತಗೆ, ಒಳಗೆ ಬಾಲ್ ಒಡೆಯುವುದು ತೀರಾ ಕಡಿಮೆ. ಹೊಸದು 200 ಡಾಲರ್ ದಾಟುತ್ತದೆ, ಹಾಗಾಗಿ ಸೆಕೆಂಡ್ ಹ್ಯಾಂಡ್ ಹುಡುಕಿ. ನಮಗೆ 150ಕ್ಕೆ ಸಿಕ್ಕಿತು. ಮೊದಲೇ ಇದನ್ನು ಕೊಂಡಿದ್ದರೆ ಟಿಪ್‌ಮನ್ ದುಡ್ಡು ಉಳಿಯುತ್ತಿತ್ತು.

ನಾನು ಎಡವಿದ್ದು ಟ್ಯಾಂಕ್‌ನಲ್ಲಿ. ಕಾರ್ಬನ್ ಡೈಆಕ್ಸೈಡ್ ಟ್ಯಾಂಕ್ ಅಗ್ಗ ಅಂತ ತಗೊಂಡೆ. ಅದರೊಳಗೆ ಇರುವುದು ದ್ರವ, ಹೊಡೆದಂತೆಲ್ಲ ಆವಿಯಾಗಿ ತಣ್ಣಗಾಗುತ್ತದೆ. ನಮ್ಮಲ್ಲಿ ಅಕ್ಟೋಬರ್ ಬಂತೆಂದರೆ ಒತ್ತಡ ಬೀಳುತ್ತದೆ, ಬಾಲ್ ಅರ್ಧ ದಾರಿಗೇ ಕೆಳಗೆ. ಬಿಸಿಲಿನಲ್ಲಿ ಇದರ ಉಲ್ಟಾ, ಒತ್ತಡ ಏರಿ ಬಾಲ್ ಮಿತಿಗಿಂತ ವೇಗವಾಗಿ ಹೋಗುತ್ತದೆ. ಟೆಕ್ಸಸ್‌ನವರಿಗೆ ಅದೇ ತಲೆನೋವು. ಮೇಲಾಗಿ ಎಮೆಕ್‌ಗೆ ಅದನ್ನು ಹಾಕುವ ಹಾಗೇ ಇಲ್ಲ. ಒತ್ತಿ ತುಂಬಿದ ಗಾಳಿಯ ಟ್ಯಾಂಕ್ ತಗೊಳ್ಳಿ. 48/3000 ಅಂತ ಬರುತ್ತದೆ, ಅಳತೆ 48 ಘನ ಇಂಚು, ಒತ್ತಡ 3000 ಪಿಎಸ್‌ಐ. ಅಲ್ಯೂಮಿನಿಯಂದು, 50–60 ಡಾಲರ್. ಒಂದು ಸಲ ತುಂಬಿಸಿದರೆ ಹೆಚ್ಚು ಕಡಿಮೆ 400 ಹೊಡೆತ. ಎಷ್ಟೋ ಫೀಲ್ಡ್‌ಗಳಲ್ಲಿ ಇಡೀ ದಿನದ ಗಾಳಿ ಪ್ರವೇಶದ ದುಡ್ಡಿನಲ್ಲೇ ಸೇರಿರುತ್ತದೆ.

ಹಳೇ ಟ್ಯಾಂಕ್ ಕೊಳ್ಳುವುದಾದರೆ ಮೈಮೇಲೆ ಒತ್ತಿರುವ ತಾರೀಖು ಓದಿ. ಅಮೆರಿಕದಲ್ಲಿ ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ ಮಾಡಿಸಬೇಕು, ಇಲ್ಲದಿದ್ದರೆ ಫೀಲ್ಡ್‌ನವರು ಗಾಳಿ ತುಂಬುವುದಿಲ್ಲ. ನನಗೊಬ್ಬ ಮಾರಿದವನು ತಾರೀಖಿನ ಮೇಲೆ ಸ್ಟಿಕರ್ ಅಂಟಿಸಿದ್ದ. ಫೀಲ್ಡ್‌ನ ಹುಡುಗ ಉಗುರಿನಲ್ಲಿ ಕೆರೆದು ತೋರಿಸಿದ, ಅವಧಿ ಮುಗಿದು ಎರಡು ವರ್ಷವಾಗಿತ್ತು. 40 ಡಾಲರ್ ಗೋವಿಂದ.

ಕನ್ನಡಕದವರಿಗೆ ಒಂದು ಮಾತು. ಮಗಳಿಗೆ ಚಷ್ಮಾ ಇದೆ. ಮಾಸ್ಕ್‌ಗೆ ಹಬೆ ಬರದಿದ್ದರೂ ಒಳಗಿನ ಚಷ್ಮಾಗೆ ಬಂದೇ ಬರುತ್ತದೆ. ಈಜುವವರು ಗಾಗಲ್‌ಗೆ ಹಚ್ಚುವ ಹಬೆ ನಿರೋಧಕ ದ್ರವವನ್ನು ಚಷ್ಮಾಗೆ ಮಾತ್ರ ಹಚ್ಚುತ್ತೇವೆ. ಮಾಸ್ಕ್ ಕೊಳ್ಳುವಾಗ ಚಷ್ಮಾ ಹಾಕಿಕೊಂಡೇ ಪರೀಕ್ಷೆ ಮಾಡಿ.

ಹ್ಯೂಸ್ಟನ್‌ನಿಂದ, ಇಬ್ಬರು ಹುಡುಗರ ತಾಯಿ

ಗಂಡಸರು ಗನ್ನು, ಟ್ಯಾಂಕು ಅಂತ ಮಾತಾಡುತ್ತಲೇ ಇದ್ದೀರಿ, ಮಗು ಏನು ಹಾಕಿಕೊಂಡು ಹೋಗಬೇಕು ಅಂತ ಒಬ್ಬರೂ ಹೇಳಲಿಲ್ಲವಲ್ಲ!

ಪೇಂಟ್‌ಬಾಲ್ ಜೆರ್ಸಿ, ಪೇಂಟ್‌ಬಾಲ್ ಪ್ಯಾಂಟ್ ಅಂತ ಮಾರುತ್ತಾರೆ, ಒಂದೊಂದಕ್ಕೆ 60–70 ಡಾಲರ್. ಬೇಡ. ದೊಗಲೆ ಸ್ವೆಟ್‌ಶರ್ಟ್, ದೊಗಲೆ ಟ್ರ್ಯಾಕ್ ಪ್ಯಾಂಟ್ ಸಾಕು. ದೊಗಲೆ ಯಾಕೆಂದರೆ ಬಟ್ಟೆ ಮೈಗೆ ಅಂಟಿರದಿದ್ದರೆ ಏಟಿನ ಬಿಸಿ ಅರ್ಧ ಅಲ್ಲೇ ಇಳಿಯುತ್ತದೆ. ಕುತ್ತಿಗೆಗೆ ಏಟು ಬಿದ್ದರೆ ಜೀವ ಹೋದಂತಾಗುತ್ತದೆ ಅಂತ ದೊಡ್ಡವನು ಅತ್ತುಕೊಂಡು ಬಂದಿದ್ದ. ಅದಕ್ಕೆ ಅಜ್ಜಿ ಊರಿನಿಂದ ಕಳಿಸಿದ್ದ ಮಂಕಿ ಟೋಪಿ ಹಾಕಿಸಿದೆ. ಮೊದಲು ನಾಚಿಕೊಂಡ. ತಲೆ, ಕಿವಿ, ಕುತ್ತಿಗೆ ಮೂರೂ ಮುಚ್ಚಿತು, ಮೇಲೆ ಮಾಸ್ಕ್. ಈಗ ಅವನ ಟೀಮಿನ ಇನ್ನಿಬ್ಬರು ಅದನ್ನೇ ಕೇಳುತ್ತಿದ್ದಾರೆ. ಬೇಸಿಗೆಯಲ್ಲಿ ಉಲ್ಲನ್ ಟೋಪಿ ಆಗುವುದಿಲ್ಲ, ಆಗ ತೆಳು ಹತ್ತಿಯ ಮಫ್ಲರ್ ಸುತ್ತುತ್ತೇನೆ.

ಮನೆಯಲ್ಲಿ ಕ್ರಿಕೆಟ್ ಕಿಟ್ ಇರುತ್ತದಲ್ಲ, ಅದರ ಗಾರ್ಡ್ ತೆಗೆದು ಕೊಡಿ. ಅದೊಂದು ಮರೆಯಬೇಡಿ. ಮಂಡಿಗೆ ವಾಲಿಬಾಲ್‌ನವರ ಪ್ಯಾಡ್. ಕೈಗೆ ತೋಟದ ಕೆಲಸದ ತೆಳು ಗ್ಲೌಸ್. ಬ್ಯಾಟಿಂಗ್ ಗ್ಲೌಸ್ ಹಾಕಿದರೆ ಬೆರಳು ಟ್ರಿಗರ್ ಒಳಗೆ ಹೋಗುವುದೇ ಇಲ್ಲ, ನಮ್ಮವನು ಪ್ರಯತ್ನ ಮಾಡಿ ನೋಡಿದ್ದಾನೆ. ಪಾದದ ಗಂಟಿನ ಮೇಲಿನವರೆಗೆ ಬರುವ ಶೂ ಇದ್ದರೆ ಕಾಲು ಉಳುಕುವುದಿಲ್ಲ. ಎಲ್ಲ ಸೇರಿ ನನಗೆ ಖರ್ಚಾಗಿದ್ದು 25 ಡಾಲರ್. ಬಣ್ಣ ನೀರಿನಲ್ಲಿ ಕರಗುತ್ತದೆ, ತಣ್ಣೀರಿನಲ್ಲಿ ನೆನೆಸಿ ಒಗೆದರೆ ಹೋಗುತ್ತದೆ.

ಇನ್ನೂ ಒಂದು, ಇದನ್ನು ಯಾರೂ ಹೇಳುವುದಿಲ್ಲ. ಗನ್ ಕಪ್ಪು ಬಣ್ಣದ್ದು, ಮಿಲಿಟರಿ ರೈಫಲ್ ತರಹ ಕಾಣುವಂಥದ್ದು ಬೇಡ. ದೂರದಿಂದ ನೋಡಿದ ನೆರೆಯವರಿಗೆ, ಪೊಲೀಸರಿಗೆ ಅದು ಆಟದ್ದು ಅಂತ ಹೇಗೆ ತಿಳಿಯಬೇಕು? ನಮ್ಮ ಮಕ್ಕಳ ವಿಷಯದಲ್ಲಿ ನಾನಂತೂ ಆ ಜೂಜು ಆಡುವುದಿಲ್ಲ. ನಾವು ನೀಲಿ ಬಣ್ಣದ್ದು ಕೊಂಡೆವು. ಮನೆಯಿಂದ ಬ್ಯಾಗಿನಲ್ಲಿ ಹೊರಟರೆ ಫೀಲ್ಡ್ ಒಳಗೆ ಹೋಗಿಯೇ ಜಿಪ್ ತೆಗೆಯುವುದು. ಪಾರ್ಕಿಂಗ್‌ನಲ್ಲೂ ಇಲ್ಲ, ಹಿತ್ತಿಲಲ್ಲೂ ಇಲ್ಲ.

ನಾಯಿ ಸಾಕಿದ್ದರೆ ಬಾಲ್ ಡಬ್ಬ ಎತ್ತರದಲ್ಲಿಡಿ. ತಿಂದರೆ ನಾಯಿಗೆ ವಿಷ, ನಾಲ್ಕಾರು ನುಂಗಿದರೂ ಡಾಕ್ಟರ್ ಹತ್ತಿರ ಓಡಬೇಕಾಗುತ್ತದೆ. ಹಾಗೇ, ನಮ್ಮ ಅತ್ತೆಯವರು ಕೇಳಿದರು ಅಂತ ಹೇಳುತ್ತಿದ್ದೇನೆ: ಬಾಲಿನ ಸಿಪ್ಪೆ ಜೆಲಟಿನ್‌ದು, ಅಂದರೆ ಪ್ರಾಣಿಯಿಂದ ಬಂದದ್ದು. ಬಾಯಿಗೆ ಸಿಡಿದರೆ ಉಗುಳಿದರಾಯಿತು, ಹೇಗೂ ಕಹಿ ಇರುತ್ತದೆ.

ಬೆಂಗಳೂರಿನಿಂದ

ಇಲ್ಲಿ ಊರಾಚೆಯ ಜಾಗಗಳಲ್ಲಿ ಬಾಡಿಗೆಯ ಆಟವೇ, ಇಷ್ಟು ಬಾಲಿಗೆ ಇಷ್ಟು ರೂಪಾಯಿ ಅಂತ. ಆಫೀಸಿನವರು ವರ್ಷಕ್ಕೊಮ್ಮೆ ಕರೆದುಕೊಂಡು ಹೋಗುತ್ತಾರೆ. ನಿಮ್ಮ ಪಟ್ಟಿ ನೋಡಿ ಹೊಟ್ಟೆ ಉರಿಯಿತು. ಕಳೆದ ಸಲ ನನಗೆ ಕೊಟ್ಟ ಮಾಸ್ಕ್‌ನ ಫೋಮ್ ಕಿತ್ತು ಕೈಗೆ ಬಂತು. ಬೇರೆಯದು ಕೊಡುವ ತನಕ ಒಳಗೆ ಕಾಲಿಡುವುದಿಲ್ಲ ಅಂತ ಕೂತೆ. ಜೊತೆಯವರು ನಕ್ಕರು, ಆದರೂ ಕೊಟ್ಟರು.

ಇರ್ವಿಂಗ್‌ನಿಂದ ಮತ್ತೆ

ಎಲ್ಲರಿಗೂ ಧನ್ಯವಾದ. ಅಕ್ಕ, ನಿಮ್ಮ ಉತ್ತರವನ್ನು ಮನೆಯವಳೇ ಎರಡು ಸಲ ಓದಿದಳು. ಮಂಕಿ ಟೋಪಿ ಮನೆಯಲ್ಲೇ ಇದೆಯಂತೆ. ಪ್ಲೇನೋ ಸರ್, ಮಿಕ್ಕ ಚಿಲ್ಲರೆ ಸಾಮಾನು ಏನೇನು? ದಿನದ ಖರ್ಚು ಎಷ್ಟಾಗಬಹುದು?

ಪ್ಲೇನೋದಿಂದ

ಹಾಪರ್ ಬೇಕು, ಬಾಲ್ ತುಂಬುವ ಡಬ್ಬ. 200 ಬಾಲ್ ಹಿಡಿಸುವ ಸಾದಾ ಪ್ಲಾಸ್ಟಿಕ್‌ದು ಹತ್ತು ಡಾಲರ್. ಆಗಾಗ ಅಲ್ಲಾಡಿಸುತ್ತಿರಬೇಕು, ಅಷ್ಟೆ. ಮೋಟಾರಿನದು ಈಗಲೇ ಬೇಡ. ನಳಿಗೆಯ ಬಾಯಿಗೆ ಹಾಕುವ ಬ್ಯಾರೆಲ್ ಕವರ್ ಬೇಕೇ ಬೇಕು, ಆಟ ಮುಗಿಸಿ ಹೊರಗೆ ಬರುವಾಗ ಅದಿಲ್ಲದೆ ಬಿಡುವುದಿಲ್ಲ. ನಳಿಗೆ ಒರೆಸಲು ಒಂದು ಸ್ವಾಬ್. ಟ್ಯಾಂಕ್ ಮೂತಿಯ ರಬ್ಬರ್ ಉಂಗುರ ನಾಲ್ಕು ಜಾಸ್ತಿ ಇಟ್ಟುಕೊಳ್ಳಿ. ಗಾಳಿ ಬುಸ್ ಅಂತ ಸೋರಿದರೆ ಹತ್ತರಲ್ಲಿ ಎಂಟು ಸಲ ತಪ್ಪು ಅದರದ್ದೇ.

ಮಾಸ್ಕ್ 45, ಟ್ಯಾಂಕ್ 55, ಕ್ರೋನಸ್ 110, ಈ ಚಿಲ್ಲರೆ 30, ಬಟ್ಟೆಬರೆ 25. 265 ಆಯಿತು. ಮಿಷಿಗನ್‌ನವರ ಹಾಗೆ ಹಳೇ ಎಮೆಕ್ 150ಕ್ಕೆ ಸಿಕ್ಕರೆ 305, ಐದು ಡಾಲರ್ ಮಗನ ಪಾಕೆಟ್ ಮನಿಯಿಂದ ಕಳೆಯಿರಿ. ಅವರು ಹೇಳಿದ್ದು ಸರಿ, ಸಿಕ್ಕರೆ ಅದನ್ನೇ ತಗೊಳ್ಳಿ. ಆದರೆ ಸಿಗುತ್ತದೆ ಅಂತ ಮೂರು ತಿಂಗಳು ಕಾಯಬೇಡಿ.

ದಿನದ ಖರ್ಚು ಕೇಳಿದಿರಲ್ಲ, ಗನ್ ಒಂದು ಸಲದ ಖರ್ಚು, ಬಾಲ್ ಪ್ರತಿ ಸಲದ್ದು. ಬಹಳಷ್ಟು ಫೀಲ್ಡ್‌ಗಳಲ್ಲಿ ಅವರ ಹತ್ತಿರವೇ ಬಾಲ್ ಕೊಳ್ಳಬೇಕು, ಹೊರಗಿನದು ಬಿಡುವುದಿಲ್ಲ. 2000 ಬಾಲಿನ ಪೆಟ್ಟಿಗೆ ನಮ್ಮ ಫೀಲ್ಡ್‌ನಲ್ಲಿ 65 ಡಾಲರ್. ನಾನು, ಮಗ ಇಬ್ಬರೂ ಹಂಚಿಕೊಂಡರೆ ಒಂದು ದಿನಕ್ಕೆ ಸಾಕು. ಹೊಸಬರು ಟ್ರಿಗರ್ ಎಳೆಯುತ್ತಲೇ ಇರುತ್ತಾರೆ, ಮೊದಲ ಗಂಟೆಯಲ್ಲೇ 500 ಖಾಲಿ. ನಿಮ್ಮ ಮಗನಿಗೆ ಬೆಳಿಗ್ಗೆಯೇ ಪಾಲು ಎಣಿಸಿ ಕೊಟ್ಟುಬಿಡಿ.

ಹೋದ ಕೂಡಲೇ ಕ್ರೋನೋದಲ್ಲಿ, ಅಂದರೆ ವೇಗ ಅಳೆಯುವ ಯಂತ್ರದಲ್ಲಿ, ಬಾಲಿನ ವೇಗ ಅಳೆಸಿ. ಟ್ಯಾಂಕ್‌ಗೆ ಗಾಳಿಯನ್ನು ಮಗ ತುಂಬುವುದು ಬೇಡ, ಅಲ್ಲಿನವರೇ ತುಂಬಲಿ. ಅಲ್ಲಿ 4500 ಪಿಎಸ್‌ಐ ಒತ್ತಡದ ಪೈಪೂ ಇರುತ್ತದೆ, ನಿಮ್ಮ ಟ್ಯಾಂಕ್ 3000ದ್ದು, ತಪ್ಪಿ ಅದಕ್ಕೆ ಹಚ್ಚಬಾರದು. ವಾಪಸ್ ಬರುವಾಗ ಟ್ಯಾಂಕ್ ಆಗಲಿ, ಉಳಿದ ಬಾಲ್ ಆಗಲಿ ಕಾರಿನಲ್ಲೇ ಬಿಟ್ಟು ಮರೆಯಬೇಡಿ. ಆಗಸ್ಟ್‌ನಲ್ಲಿ ಒಂದು ಮಧ್ಯಾಹ್ನ ಬಿಟ್ಟಿದ್ದೆ. ಬಾಲ್‌ಗಳೆಲ್ಲ ಬಿಸಿಲಿಗಿಟ್ಟ ಗುಲಾಬ್ ಜಾಮೂನಿನ ಹಾಗೆ ಊದಿ ಒಂದಕ್ಕೊಂದು ಅಂಟಿಕೊಂಡಿದ್ದವು. ಸೀಟಿನ ಹಸಿರು ಕಲೆ ತೆಗೆಯಲು ಎರಡು ವಾರ ಹಿಡಿಯಿತು.