ಹಂಚು ಬದಲಿಸಿದರೂ ಮಾಡಿನ ಹಲಗೆಯಿಂದ ನೀರು, ಗೋಡೆ ಪ್ಯಾನೆಲ್ ಬೇರೆ ಉಬ್ಬಿದೆ

ಮಾಡಿನಮನೆ_ತೀರ್ಥಹಳ್ಳಿ
ಸಾಕಾಗಿ ಹೋಗಿದೆ. ಹಾಲ್‌ನ ಮಾಡು (ಛಾವಣಿ) ಪೂರ್ತಿ ಹೊಸದು. ನೆತ್ತಿಯಿಂದ ಸೂರಿಗೆ ಇಳಿಯುವ ಪಕಾಸು, ಅದರ ಮೇಲೆ ಮುಕ್ಕಾಲು ಇಂಚಿನ ಅಕೇಶಿಯಾ ಹಲಗೆ, ಹಂಚು ಕೂರಲು ಅಡ್ಡಡ್ಡ ಹೊಡೆದ ರೀಪು, ಮಂಗಳೂರು ಹಂಚು. ಮಳೆ ಹಿಡಿದಾಗಿನಿಂದ ಹಲಗೆ ಸಂದಿಯಲ್ಲಿ ತೊಟ್ಟಿಕ್ಕುತ್ತಲೇ ಇದೆ. ಬಡಗಿಯನ್ನು ಕೇಳಿದರೆ ಹಂಚಿನವನ ಕಡೆ ಕೈ ತೋರಿಸ್ತಾನೆ, ಹಂಚಿನವನು ಬಡಗಿ ಕಡೆ. ಒಡೆದ ಹಂಚು ತೆಗೆಸಿದ್ದಾಯ್ತು, ರಿಡ್ಜ್ ಹಂಚಿಗೆ ಮತ್ತೆ ಗಾರೆ ಹಾಕಿಸಿದ್ದಾಯ್ತು. ನಿಂತಿಲ್ಲ. ಇದು ಸಾಲದು ಅಂತ ಗೋಡೆಗೆ ನಾಲ್ಕಡಿ ಎತ್ತರ ಹೊಡೆಸಿದ ಸಾಗುವಾನಿ ಪ್ಯಾನೆಲ್ ನಡುವೆ ಉಬ್ಬಿ ಮುಂದೆ ಬಂದಿದೆ. ಯಾವ ಸೀಲೆಂಟ್ ಹಾಕಬೇಕು? ಹಂಚಿನ ಮೇಲೆ ಹಚ್ಚುವ ಕೋಟಿಂಗ್ ಕೆಲಸ ಮಾಡುತ್ತಾ? ಬೇಗ ಹೇಳಿ.

ಕರಾವಳಿ_ಹಂಚು
ಕೋಟಿಂಗ್ ಎಲ್ಲ ಬೇಡ ಮಾರಾಯ್ರೆ. ಹಂಚು ಎಲ್ಲಿಯದ್ದು? ಹಳತು ಹೊಸತು ಮಿಕ್ಸ್ ಮಾಡಿದ್ದೀರಾ? ಹಂಚು ತಿರುವಿ ಹಾಕಿದರೆ ಅಡಿಯಲ್ಲಿ ಕಾರ್ಖಾನೆಯ ಮುದ್ರೆ ಉಂಟು. ಬೇರೆ ಬೇರೆ ಮುದ್ರೆಯ ಹಂಚಿನ ಅಂಚಿನ ಗಾಡಿ (ತೋಡು), ಏಣು ಒಂದಕ್ಕೊಂದು ಕೂರುವುದಿಲ್ಲ. ಎರಡು ನೂಲು (ಕಾಲು ಇಂಚು) ಎತ್ತಿ ನಿಂತರೆ ಸಾಕು, ಗಾಳಿ ಮಳೆ ಒಳಗೆ. ಒಂದು ಸಾಲಿಗೆ ಒಂದೇ ಮುದ್ರೆಯ ಹಂಚು ಹಾಕಬೇಕು. ಮತ್ತೆ ಇಳಿಜಾರು ಎಷ್ಟು?

ಮಾಡಿನಮನೆ_ತೀರ್ಥಹಳ್ಳಿ
ಎಲ್ಲ ಒಂದೇ ಲೋಡಿನ ಹಂಚು. ಅಗಲ 28 ಅಡಿ, ನಡು ಎತ್ತರ 8 ಅಡಿ.

ಕರಾವಳಿ_ಹಂಚು
ಹಾಗಾದರೆ 14ಕ್ಕೆ 8, ಅಂದರೆ 30 ಡಿಗ್ರಿಗೂ ಒಂದು ಕೂದಲು ಕಮ್ಮಿ. ಸಿಕ್ಕಿತಲ್ಲ ಕಾರಣ. ಆಗುಂಬೆ ಬದಿಯ ಮಳೆಗೆ ಅದು ಎಂತ ಸಾಕು? 35 ಆದ್ರೂ ಬೇಕು. ನೀರು ಹಂಚಿನ ಮೇಲೆ ನಿಧಾನ ಹರಿದರೆ ಗಾಳಿ ಅದನ್ನು ಮೇಲಕ್ಕೆ ದೂಡಿ ಸಂದಿಯೊಳಗೆ ಕಳಿಸ್ತದೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ ಕಾಲದಿಂದ ನಮ್ಮಲ್ಲಿ ಮಾಡು ಕಟ್ಟುವವರಿಗೆ ಇದು ಗೊತ್ತುಂಟು.

ಬಯಲುಸೀಮೆ_ಜಂತಿ
ನಮ್ಮ ಕಡೆ ಮಾಳಿಗಿ ಮನಿಗೆ ಇಳಿಜಾರೇ ಇಲ್ರಿ. ತೊಲಿ, ಜಂತಿ, ಅದರ ಮ್ಯಾಲೆ ಹಲಗಿ, ಬೇವಿನ ಸೊಪ್ಪು, ಆಮ್ಯಾಲೆ ಮಣ್ಣು ಹಾಕಿ ಬಡದು ಬಿಡೋದು. ಮ್ಯಾಲೆ ಕರಲು ಮಣ್ಣಿನ ಪದರ ಇದ್ರ ನೀರು ಇಳಿಯಂಗಿಲ್ಲ.

ಕರಾವಳಿ_ಹಂಚು
ತೀರ್ಥಹಳ್ಳಿಯಲ್ಲಿ ಮಣ್ಣಿನ ಮಾಳಿಗೆ ಹಾಕಿದರೆ ಮೊದಲ ವಾರದಲ್ಲೇ ಹಾಲ್‌ಗೆ ಬರ್ತದೆ. ಸುಮ್ಮನೆ ತಲೆ ತಿನ್ನಬೇಡಿ.

ಉಳಿಬಾಚಿ
ಇಳಿಜಾರು ಆಮೇಲೆ ನೋಡೋಣ. ಎರಡು ವಿಷಯ ಹೇಳಿ. ತೊಟ್ಟಿಕ್ಕುವ ಜಾಗಗಳಿಗೆ ಕೆಳಗಿನಿಂದ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಸೂರಿನ ಅಂಚಿನಿಂದ ಮೇಲಕ್ಕೆ ಟೇಪ್ ಹಿಡಿದು ಅಳೆಯಿರಿ. ಮಳೆ ನಿಂತ ಎಷ್ಟು ಹೊತ್ತಿಗೆ ತೊಟ್ಟಿಕ್ಕುವುದು ನಿಲ್ಲುತ್ತೆ ಅಂತಲೂ ಬೇಕು. ಹಂಚಿನ ತೂತಾದರೆ ಹತ್ತು ಹದಿನೈದು ನಿಮಿಷದಲ್ಲಿ ನಿಲ್ಲಬೇಕು.

ಮಾಡಿನಮನೆ_ತೀರ್ಥಹಳ್ಳಿ
ಅಳೆದೆ. 12½ ಇಂಚು, 25, 37½ರ ಹತ್ತಿರ, 50. ಅಡ್ಡಡ್ಡ ಸಾಲು ಹಿಡಿದಂತೆ ಕಲೆ ಇದೆ, ಕಲೆಯ ನಡುವೆ ಮೊಳೆ ಹೋದ ಕಡೆ ಕಪ್ಪು ಉಂಗುರ. ಮಳೆ ನಿಂತ ಮರುದಿನವೂ ತೊಟ್ಟಿಕ್ಕುತ್ತೆ. ಅದೇ ನನಗೆ ಅರ್ಥವಾಗದ್ದು.

ಉಳಿಬಾಚಿ
12½ ಇಂಚು ನಿಮ್ಮ ರೀಪಿನ ಅಂತರ. ಹಲಗೆಗೂ ರೀಪಿಗೂ ನಡುವೆ ಏನು ಹಾಸಿದ್ದೀರಿ?

ಮಾಡಿನಮನೆ_ತೀರ್ಥಹಳ್ಳಿ
ಪ್ಲಾಸ್ಟಿಕ್ ಶೀಟ್. ದಪ್ಪದ್ದು, ಸಿಲ್ಪಾಲಿನ್. ಅದು ಇದ್ದೇ ಇರುತ್ತಲ್ಲ, ಎಲ್ಲರೂ ಹಾಕ್ತಾರೆ. ಅದಕ್ಕೇ ಹೇಳಲಿಲ್ಲ.

ಉಳಿಬಾಚಿ
ಅದನ್ನೇ ಮೊದಲು ಹೇಳಬೇಕಿತ್ತು.

ಹಂಚು ಎಷ್ಟೇ ಚೆನ್ನಾಗಿ ಕೂತರೂ ಗಾಳಿ ಮಳೆಯಲ್ಲಿ ಅದರಡಿಗೆ ಸ್ವಲ್ಪ ನೀರು ಬಂದೇ ಬರುತ್ತೆ. ಹಲಗೆ ಇಲ್ಲದ ಹಳೇ ಮಾಡಿನಲ್ಲಿ ಅದು ಹನಿಯಾಗಿ ಅಟ್ಟಕ್ಕೆ ಬಿದ್ದು ಆರಿಹೋಗುತ್ತಿತ್ತು, ಯಾರೂ ಗಮನಿಸುತ್ತಿರಲಿಲ್ಲ. ಈಗ ಅದು ಶೀಟ್ ಮೇಲೆ ಹರಿದು ಬಂದು ಮೊದಲು ಸಿಕ್ಕ ರೀಪಿಗೆ ಬಡಿಯುತ್ತೆ. ರೀಪು ಶೀಟ್‌ಗೆ ಅಂಟಿಕೊಂಡೇ ಕೂತಿದೆ, ಕೆಳಗೆ ದಾರಿ ಇಲ್ಲ. ಪ್ರತಿ ರೀಪಿನ ಬೆನ್ನಿಗೂ ಒಂದೊಂದು ಸಣ್ಣ ಒಡ್ಡು ಕಟ್ಟಿದ ಹಾಗೆ ನೀರು ನಿಲ್ಲುತ್ತೆ. ರೀಪಿನ ಮೊಳೆ ಶೀಟ್ ತೂತು ಮಾಡಿಕೊಂಡೇ ಪಕಾಸಿಗೆ ಇಳಿದಿರುವುದರಿಂದ ನೀರು ಮೊಳೆ ಹಿಡಿದು ಇಳಿದು ಹಲಗೆ ಸಂದಿಯಲ್ಲಿ ಹೊರಬರುತ್ತೆ. ನಿಂತ ನೀರು ಖಾಲಿಯಾಗುವವರೆಗೆ ತೊಟ್ಟಿಕ್ಕುತ್ತಲೇ ಇರುತ್ತೆ, ಮಳೆ ನಿಂತರೂ. ಅಕೇಶಿಯಾದಲ್ಲಿ ಟ್ಯಾನಿನ್ ಜಾಸ್ತಿ. ಒದ್ದೆಯಲ್ಲಿ ಕಬ್ಬಿಣದ ಮೊಳೆ ಸೇರಿದರೆ ಆ ಕಪ್ಪು ಉಂಗುರ ಬಂದೇ ಬರುತ್ತೆ.

ಪರಿಹಾರ ಒಂದೇ: ಶೀಟ್‌ಗೂ ರೀಪಿಗೂ ನಡುವೆ ಉದ್ದಪಟ್ಟಿ. ಪ್ರತಿ ಪಕಾಸಿನ ನೇರಕ್ಕೆ, ಶೀಟ್ ಮೇಲೆ, ನೆತ್ತಿಯಿಂದ ಸೂರಿನವರೆಗೆ ಒಂದೂವರೆ ಇಂಚು ಅಗಲ, ಒಂದು ಇಂಚು ದಪ್ಪದ ಪಟ್ಟಿ. ಅದರ ಮೇಲೆ ಅಡ್ಡ ರೀಪು. ಆಗ ರೀಪಿನಡಿ ಒಂದು ಇಂಚು ತೆರವು ಸಿಗುತ್ತೆ, ನೀರು ಶೀಟ್ ಮೇಲೆ ಸಲೀಸಾಗಿ ಇಳಿದು ಹೋಗುತ್ತೆ, ಹಂಚಿನಡಿ ಗಾಳಿಯೂ ಆಡುತ್ತೆ. ಮಾಡಿನ ಉದ್ದ, ಪಕಾಸಿನ ಅಂತರ ಹೇಳಿದರೆ ಮರದ ಲೆಕ್ಕ ಕೊಡ್ತೇನೆ.

ಕರಾವಳಿ_ಹಂಚು
ಅದೆಲ್ಲ ಸರಿ. ಆದರೆ ನೀರು ಹಂಚು ದಾಟಿದ್ದು ಯಾಕೆ? ಇಳಿಜಾರು ಕಮ್ಮಿ ಇದ್ದದ್ದಕ್ಕೆ. ಮೂಲ ಬಿಟ್ಟು ಕೊಂಬೆಗೆ ಮದ್ದು ಮಾಡಿದ ಹಾಗಾಯ್ತು.

ಉಳಿಬಾಚಿ
ಪಕಾಸು ಬಿಚ್ಚಿ ಇಳಿಜಾರು ಬದಲಿಸುವುದು ಅಂದರೆ ಹೊಸ ಮಾಡೇ ಆಯ್ತು. ಅನುಮಾನ ಇದ್ದರೆ ಮಳೆ ಇಲ್ಲದ ದಿನ ಪೈಪ್ ಹಿಡಿದು ನೋಡಬಹುದು. ಸೂರಿನ ಕಡೆಯಿಂದ ಶುರು ಮಾಡಿ, ಒಂದೊಂದು ಸಾಲಿಗೆ ಐದು ನಿಮಿಷ, ಮೇಲಕ್ಕೆ ಹೋಗಬೇಕು. ಮೇಲಿನಿಂದ ಬಿಟ್ಟರೆ ಎಲ್ಲ ಸಾಲೂ ಒಟ್ಟಿಗೆ ನೆನೆದು ಏನೂ ತಿಳಿಯೋದಿಲ್ಲ. ನೀರನ್ನು ಮೇಲಿನಿಂದ ಕೆಳಕ್ಕೆ ಬೀಳಿಸಿ, ಹಂಚಿನ ಅಡಿಗೆ ಚಿಮ್ಮಿಸಬೇಡಿ.

ರೂಟರ್_ರಾಜ
ಇದಕ್ಕೇ ನಾನು ಹಲಗೆಗೆ ಕೈ ಕೆಲಸ ನಂಬಲ್ಲ ಗುರು. ಮಕಿಟಾ ರೂಟರ್, ಟೇಬಲ್‌ಗೆ ಹಾಕಿ, ನಾಲಿಗೆ ಗ್ರೂವ್ ಮ್ಯಾಚ್ ಬಿಟ್ ಸೆಟ್. 14 ಇಂಚ್ ಬ್ಯಾಂಡ್‌ಸಾ ಇದೆ, ಥಿಕ್ನೆಸ್ ಪ್ಲೇನರ್ ಇದೆ. ಸಂದಿಯಲ್ಲಿ ಬ್ಲೇಡ್ ತೂರಲ್ಲ, ಅಷ್ಟು ಟೈಟ್. ಫೋಟೋ ಹಾಕ್ಲಾ?

ಹಲಸಿನಹಲಗೆ
ಬೇಡ. ಅಷ್ಟು ಟೈಟ್ ಆಗಿದ್ದಕ್ಕೇ ಇವರ ಪ್ಯಾನೆಲ್ ಉಬ್ಬಿದ್ದು.

ಪ್ಯಾನೆಲ್ ಎಷ್ಟು ಉದ್ದ, ಹಲಗೆ ಅಗಲ ಎಷ್ಟು, ಯಾವ ತಿಂಗಳಲ್ಲಿ ಹೊಡೆಸಿದ್ದು?

ಮಾಡಿನಮನೆ_ತೀರ್ಥಹಳ್ಳಿ
12 ಅಡಿ ಗೋಡೆ. ನಾಲ್ಕೂವರೆ ಇಂಚಿನ ಹಲಗೆ 32. ಏಪ್ರಿಲ್. ಸಾಗುವಾನಿ ಚೆನ್ನಾಗಿ ಒಣಗಿತ್ತು, ತಗಡಿನ ಶೆಡ್‌ನಲ್ಲಿ ಇಟ್ಟಿದ್ದೆ. ಮಾಡಿನ ಲೆಕ್ಕಕ್ಕೆ: ಉದ್ದ 30 ಅಡಿ, ಇಳಿಜಾರು 16 ಅಡಿ, ಪಕಾಸು ಎರಡಡಿಗೆ ಒಂದು.

ಹಲಸಿನಹಲಗೆ
ಸಾಗುವಾನಿ ಅಂದ್ರೆ ಅಲುಗಾಡೋದೇ ಇಲ್ಲ ಅಂತ ಸುಮಾರು ಜನ ತಿಳಕೊಂಡಿದಾರೆ. ಬೇರೆ ಮರಕ್ಕಿಂತ ಕಡಿಮೆ, ಅಷ್ಟೇ. ಚಪ್ಪಟೆ ಸೀಳಿದ ಹಲಗೆ, ಅಂದ್ರೆ ಮುಖದ ಮೇಲೆ ಬೆಟ್ಟದಂಥ ಗೆರೆ ಕಾಣೋದು, ತೇವಾಂಶ ಶೇ. 1 ಏರಿದ್ರೆ ಅಗಲದಲ್ಲಿ ಹೆಚ್ಚುಕಮ್ಮಿ ಶೇ. 0.19 ಹಿಗ್ಗತ್ತೆ. ಏಪ್ರಿಲ್‌ನಲ್ಲಿ ತಗಡಿನಡಿ ಶೇ. 9ಕ್ಕೆ ಒಣಗಿದ ಮರ, ಮಳೆಗಾಲದ ಗಾಳಿಯಲ್ಲಿ ಶೇ. 17 ಮುಟ್ಟೋದು ಏನೂ ದೊಡ್ಡದಲ್ಲ. 8 ಪಾಯಿಂಟ್. 12 ಅಡಿ ಅಂದ್ರೆ 3,658 ಮಿ.ಮೀ. ಗುಣಿಸಿ ನೋಡಿ, ಸುಮಾರು 56 ಮಿ.ಮೀ. ಎರಡು ಇಂಚಿಗೂ ಜಾಸ್ತಿ. ಎರಡೂ ತುದಿ ಗೋಡೆಗೆ ಒತ್ತಿದೆ, ಹಲಗೆ ಹಲಗೆ ಒತ್ತಿದೆ. ಆ ಎರಡು ಇಂಚು ಎಲ್ಲಿಗೆ ಹೋಗ್ಬೇಕು? ಮುಂದಕ್ಕೆ ಬಂತು. ರೇಡಿಯಲ್ ಸೀಳು, ನೇರ ಗೆರೆಯ ಹಲಗೆ ಆಗಿದ್ರೆ ಇದರಲ್ಲಿ ಸುಮಾರು ಅರ್ಧ.

ಹಲಗೆ ಹಾಳಾಗಿಲ್ಲ, ಬಿಚ್ಚಿ ಮತ್ತೆ ಹೊಡೀಬಹುದು. ಏಪ್ರಿಲ್‌ನಲ್ಲಿ ಹೊಡೆಯೋದಾದ್ರೆ ಪ್ರತಿ ಸಂದಿಗೆ 2 ಮಿ.ಮೀ. ಬಿಡಿ, ಟೈಲ್ಸ್‌ನವರು ಬಳಸೋ ಸ್ಪೇಸರ್ ಇಟ್ಟರೆ ಅಳತೆ ತಪ್ಪೋದಿಲ್ಲ. ಪಕ್ಕದ ಹಲಗೆಯ ಗ್ರೂವ್ ಒಳಗೆ ಕೂರೋ ನಾಲಿಗೆ ಮೂರು ನೂಲು ಉದ್ದ ಇದ್ರೆ ಸಂದಿಯಲ್ಲಿ ಗೋಡೆ ಕಾಣೋದಿಲ್ಲ. ಮೊಳೆ ನಾಲಿಗೆ ಬದಿಗೆ ಮಾತ್ರ, ಓರೆಯಾಗಿ, ಗೋಡೆಯ ಒಂದೊಂದು ಅಡ್ಡಪಟ್ಟಿಗೆ ಒಂದು. ಗ್ರೂವ್ ಬದಿ ಬಿಡುಬೀಸಾಗಿರಲಿ. ಎರಡೂ ಬದಿ ಮೊಳೆ ಹೊಡೆದ್ರೆ ಹಲಗೆ ಹಿಗ್ಗೋಕಾಗದೆ ಉಬ್ಬತ್ತೆ, ಬೇಸಿಗೆಯಲ್ಲಿ ನಟ್ಟನಡುವೆ ಸೀಳತ್ತೆ.

ಮಾಡಿನಮನೆ_ತೀರ್ಥಹಳ್ಳಿ
ಈಗಲೇ ಬಿಚ್ಚಿ ಹೊಡೆದರೆ? ಆಯುಧಪೂಜೆಯೊಳಗೆ ಮುಗಿಸಬೇಕು ಅಂತಿದ್ದೆ.

ಹಲಸಿನಹಲಗೆ
ಈಗ ಮರ ತುಂಬ ಹಿಗ್ಗಿದೆ. ಈಗಾದ್ರೆ ಸಂದಿ ಮುಚ್ಚಿಯೇ ಹೊಡೀರಿ, ಬೇಸಿಗೆಗೆ ತಾನೇ 2 ಮಿ.ಮೀ. ಬಿಡತ್ತೆ. ಆದ್ರೆ 32 ಹಲಗೆ ಹಿಡಿಸೋದಿಲ್ಲ, ಕೊನೇದನ್ನ ಎರಡು ಇಂಚು ಸೀಳಿ ಕೂರಿಸಬೇಕು.

ಅದಕ್ಕಿಂತ ಮೊದಲು ಗೋಡೆ ಪರೀಕ್ಷೆ ಮಾಡಿ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆ, ನಾಲ್ಕೂ ಅಂಚಿಗೆ ಟೇಪ್, ಒಂದು ಹಗಲು ಒಂದು ರಾತ್ರಿ. ಹಾಳೆಯ ಗೋಡೆ ಬದಿಗೆ ಹನಿ ಕಟ್ಟಿದ್ರೆ ಗೋಡೆಯೊಳಗೇ ನೀರಿದೆ. ಕೋಣೆ ಬದಿಗೆ ಕಟ್ಟಿದ್ರೆ ಅದು ಬರೀ ಗಾಳಿಯ ತೇವ. ಗೋಡೆ ಎಂಥದ್ದು?

ಮಾಡಿನಮನೆ_ತೀರ್ಥಹಳ್ಳಿ
ಜಂಬಿಟ್ಟಿಗೆ. ಹೊರಗೆ ಸಿಮೆಂಟ್ ಗಾರೆ. ಆ ಕಡೆ ಬಚ್ಚಲು.

ಹಲಸಿನಹಲಗೆ
ಬಚ್ಚಲು! ಸರಿ.

ಉಳಿಬಾಚಿ
ಮಾಡಿನ ಲೆಕ್ಕ. ಒಂದು ಪಕ್ಕಕ್ಕೆ 16 ಪಕಾಸು, 16 ಅಡಿಯಂತೆ 256 ಅಡಿ. ಎರಡು ಪಕ್ಕಕ್ಕೆ 512 ಅಡಿ ಪಟ್ಟಿ. ಒಂದೂವರೆ ಒಂದರ ಅಳತೆಗೆ 5.33 ಘನ ಅಡಿ, ಗರಗಸದ ಹೊಟ್ಟು, ತುಂಡು ಸೇರಿ 6 ಹಿಡಿಯಿರಿ. ಮತ್ತಿ, ನಂದಿ, ಹೊನ್ನೆ ಯಾವುದಾದರೂ ಆದೀತು, ಚೇಗು, ಅಂದರೆ ಮರದ ಗಟ್ಟಿ ಒಳಭಾಗ ಬೇಕು; ಬಿಳಿ ಭಾಗ ಬಂದರೆ ವಾಪಸ್ ಮಾಡಿ. ಮೊಳೆ ಮೂರೂವರೆ ಇಂಚು: ಪಟ್ಟಿಯಲ್ಲಿ ಒಂದು ಇಂಚು, ಹಲಗೆಯಲ್ಲಿ ಮುಕ್ಕಾಲು, ಉಳಿದ ಒಂದೂ ಮುಕ್ಕಾಲು ಪಕಾಸಿಗೆ. ಗ್ಯಾಲ್ವನೈಸ್ಡ್ ಇರಲಿ. ಹಂಚು ಸುಮಾರು 1,350 ಇಳಿಸಬೇಕಾಗುತ್ತೆ, ಹಾಗಾಗಿ ಮಳೆ ಪೂರ್ತಿ ಹೋದ ಮೇಲೆಯೇ ಕೈ ಹಾಕಿ. ಶೀಟ್‌ನಲ್ಲಿ ಹಳೇ ಮೊಳೆ ತೂತುಗಳಿವೆ, ಅದನ್ನೇ ಮತ್ತೆ ಹಾಸಬೇಡಿ.

ಸೂರಿನಲ್ಲಿ ಶೀಟ್ ಅಂಚುಹಲಗೆಯ ಹಿಂದೆ ಕೊನೆಯಾಗಬಾರದು. ಮೂರು ಇಂಚಿನ ತಗಡು ಬಗ್ಗಿಸಿ ಅಂಚುಹಲಗೆಯ ಮೇಲೆ ಹೊಡೆದು, ಶೀಟ್ ಅದರ ಮೇಲೆ ಬರಲಿ, ನೀರು ಹೊರಗೆ ಬೀಳಲಿ. ಇದನ್ನು ಬಿಟ್ಟರೆ ಇಡೀ ಮಾಡಿನ ನೀರು ಕೆಳಗಿನ ಹಲಗೆಯ ತುದಿಗೆ ಬಂದು ಸೇರುತ್ತೆ. ಎರಡು ಮಳೆಗಾಲ ಸಾಕು, ಆ ತುದಿ ಬೆರಳಲ್ಲಿ ಒತ್ತಿದರೆ ಕುಸಿಯುತ್ತೆ.

ಅಲ್ಲಿಯವರೆಗೆ ತಾತ್ಕಾಲಿಕವಾಗಿ: ಬಿಸಿಲು ಬಿದ್ದ ದಿನ ಹೆಚ್ಚು ಸೋರುವ ಕಡೆ ಹಂಚು ಸರಿಸಿ, ಎರಡು ಪಕಾಸಿನ ನಡುವೆ ಪ್ರತಿ ರೀಪಿನಲ್ಲೂ ಒಂದು ಇಂಚು ಕತ್ತರಿಸಿ ತೆಗೆಯಿರಿ, ಹಂಚಿನ ಮೂಗು ಕೂರದ ಕಡೆ. ಗರಗಸ ಶೀಟ್ ಮುಟ್ಟಬಾರದು. ಅಡಿಗೆ ತಗಡಿನ ಚೂರು ತೂರಿಸಿ, ಕೊನೆಯ ಎರಡು ನೂಲು ಉಳಿಯಲ್ಲಿ ಬಿಡಿಸಿ. ಕೆಳಗಿನಿಂದ ಹಲಗೆ ಸಂದಿಗೆ ಸಿಲಿಕಾನ್ ಮಾತ್ರ ತುಂಬಬೇಡಿ. ನೀರು ಹೊರಗೆ ಬರದೆ ಹಲಗೆಯ ಮೇಲೇ ನಿಂತು ಪಕಾಸು ತಿನ್ನುತ್ತೆ.

ಕರಾವಳಿ_ಹಂಚು
ಪ್ಲಾಸ್ಟಿಕ್ ಶೀಟೇ ಬೇಡ. ಅಡುಗೆ ಮನೆಯ ಹಬೆ ಮೇಲೆ ಹೋಗಿ ಶೀಟ್ ಅಡಿಗೆ ಬೆವರುತ್ತದೆ. ಹಲಗೆಗೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಎರಡು ಕೋಟ್ ಹೊಡೆದು ನೇರ ರೀಪು ಹಾಕಿ. ದೋಣಿಗೆ ಅದನ್ನೇ ಹಚ್ಚುವುದು.

ಹಲಸಿನಹಲಗೆ
ಗೇರೆಣ್ಣೆ ಪಕಾಸಿನ ತುದಿಗೆ, ಗೋಡೆಯೊಳಗೆ ಹೋಗೋ ಭಾಗಕ್ಕೆ ಒಳ್ಳೇದು. ಹಾಲ್‌ನ ಹಲಗೆಗೆ ಹಚ್ಚಿದ್ರೆ ಕಪ್ಪಾಗತ್ತೆ, ವಾಸನೆ ಬೇಗ ಹೋಗೋದಿಲ್ಲ, ಹಚ್ಚೋವಾಗ ಕೈಗೆ ತಾಗಿದ್ರೆ ಬೊಬ್ಬೆ. ಬೆವರೋ ಮಾತು ಮಾತ್ರ ನೀವು ಹೇಳಿದ್ದು ಸರಿ. ಹಬೆ ದಾಟಿಸೋ ಮೆಂಬ್ರೇನ್ ಸಿಗತ್ತೆ, ದುಬಾರಿ, ಆದ್ರೂ ಒಮ್ಮೆ ಹಾಸೋದು ತಾನೆ. ಅದು ಆಗ್ಲಿಲ್ಲ ಅಂದ್ರೆ ಅಡುಗೆ ಮನೆ ಹೊಗೆಗೂಡನ್ನಾದ್ರೂ ಮಾಡಿನ ಹೊರಗೆ ಬಿಡಿ.

ಬಯಲುಸೀಮೆ_ಜಂತಿ
ಮೊಳೆ ಬಿಟ್ಟು ಬಿದಿರು ಗೂಟ ಹೊಡೀರಿ. ಕಪ್ಪು ಕಲಿ ಬರಂಗಿಲ್ಲ.

ಉಳಿಬಾಚಿ
ಪ್ಯಾನೆಲ್‌ಗೆ ಮಾಡಬಹುದು. ಬಲಿತ ಬಿದಿರು, ಸಿಪ್ಪೆ ಉಳಿಸಿಕೊಂಡು ಚೌಕ ಕೆತ್ತಿ, ದುಂಡು ತೂತಿಗೆ ಬಡಿಯಬೇಕು. ಮಾಡಿನ ಉದ್ದಪಟ್ಟಿಗೆ ಬೇಡ, ಗಾಳಿ ಎತ್ತುವ ಕಡೆ ಲೋಹವೇ ಬೇಕು.

ರೂಟರ್_ರಾಜ
ಬಿದಿರು ಗೂಟ, ಈ ಕಾಲದಲ್ಲಿ? ಸ್ಟೇನ್‌ಲೆಸ್ ಬ್ರ್ಯಾಡ್ ನೇಲರ್ ತಗೊಳ್ಳಿ ಸಾರ್. ನನ್ನ ಕಂಪ್ರೆಸರ್ 50 ಲೀಟರ್...

ಮಾಡಿನಮನೆ_ತೀರ್ಥಹಳ್ಳಿ
ಕೆಳಗಿನ ಎರಡು ಸಾಲು ಹಂಚು ತೆಗೆದು ನೋಡಿದೆ. ರೀಪಿನ ಬೆನ್ನಿಗೆ ಬೆರಳು ದಪ್ಪ ಕೆಸರು, ಅದರ ಮೇಲೆ ನೀರು. ಐದು ಕಡೆ ಕತ್ತರಿಸಿ ಬಿಟ್ಟ ಮೇಲೆ ಆ ಭಾಗ ತೊಟ್ಟಿಕ್ಕಿಲ್ಲ. ಗೋಡೆ ಹಾಳೆಯ ಎರಡೂ ಬದಿಗೆ ಹನಿ ಕಟ್ಟಿದೆ, ಅದಕ್ಕೇನರ್ಥ? ಕಪ್ಪು ಕಲೆ ಹೋಗುತ್ತಾ?

ಹಲಸಿನಹಲಗೆ
ಎರಡೂ ಇದೆ ಅಂತ ಅರ್ಥ. ಮೊದಲು ಬಚ್ಚಲಿನ ಪೈಪ್ ನೋಡಿಸಿ, ಅದು ಸರಿಯಾಗೋವರೆಗೆ ಪ್ಯಾನೆಲ್ ಮಾತೇ ಬೇಡ. ಆಮೇಲೆ ಪ್ಯಾನೆಲ್ ಹಿಂದಿನ ಅಡ್ಡಪಟ್ಟಿಗಳನ್ನ ಉದ್ದಕ್ಕೂ ಹೊಡೀಬೇಡಿ. ಎರಡಡಿಗೊಮ್ಮೆ ಎರಡು ಇಂಚು ಬಿಟ್ಟು, ಮೇಲಿನ ಸಾಲಿನ ತೆರವು ಕೆಳಗಿನದರ ನೇರಕ್ಕೆ ಬರದ ಹಾಗೆ ಹೊಡೀರಿ, ಗಾಳಿ ಹಾವಿನ ಹಾಗೆ ಏರಿ ಹೋಗತ್ತೆ. ಹಲಗೆಯ ಬುಡ ನೆಲದಿಂದ ಅರ್ಧ ಇಂಚು ಮೇಲೆ, ಮೇಲಿನ ಟೋಪಿಪಟ್ಟಿಯ ಹಿಂದೆ ಎರಡು ನೂಲು ತೆರವು. ಹೊಡೆಯೋಕೆ ಮುಂಚೆ ಪಾಲಿಶ್ ಎದುರು, ಬೆನ್ನು, ಎರಡೂ ತುದಿ, ನಾಲಿಗೆಗೂ ಹಚ್ಚಿ. ಮುಖಕ್ಕೆ ಮಾತ್ರ ಹಚ್ಚಿದ್ರೆ ಬೆನ್ನು ತೇವ ಕುಡಿದು ಹಲಗೆ ದೋಣಿ ಆಗತ್ತೆ.

ಕಲೆಗೆ ಆಕ್ಸಾಲಿಕ್ ಆಸಿಡ್, ಲೀಟರ್ ಬೆಚ್ಚನೆ ನೀರಿಗೆ 50 ಗ್ರಾಂ. ಗ್ಲೌಸ್, ಕನ್ನಡಕ ಕಡ್ಡಾಯ, ಪ್ಲಾಸ್ಟಿಕ್ ಪಾತ್ರೆಯಲ್ಲೇ ಕಲಸಿ. ಇಡೀ ಹಲಗೆಗೆ ಹಚ್ಚಿ, ಕಲೆಗಷ್ಟೇ ಹಚ್ಚಿದ್ರೆ ಬಿಳಿ ಮಚ್ಚೆ ಉಳಿಯತ್ತೆ. ಅರ್ಧ ಗಂಟೆ ಬಿಟ್ಟು ಎರಡು ಸಲ ತೊಳೀರಿ. ಒಣಗಿದ ಮೇಲೆ ಉಜ್ಜುವಾಗ ಮಾಸ್ಕ್ ಹಾಕಿ, ಆ ಪುಡಿ ಮೂಗು ಸುಡತ್ತೆ. ನೀರು ನಿಲ್ಲೋಕೆ ಮೊದಲು ಮಾಡಿದ್ರೆ ಕಲೆ ಮತ್ತೆ ಬರತ್ತೆ.

ಕರಾವಳಿ_ಹಂಚು
ಐದು ಕಡೆ ನಿಂತದ್ದು ಸಂತೋಷ. ಆದರೆ 30 ಡಿಗ್ರಿ ಸಾಲದು ಅಂತ ನಾನು ಈಗಲೂ ಹೇಳುವುದು.

ಬಯಲುಸೀಮೆ_ಜಂತಿ
ಮತ್ತಿ ಮರ ಒಂದೂವರಿ ಒಂದು ಪಟ್ಟಿ ಘನ ಅಡಿಗೆ ಏನ್ ರೇಟ್ ನಡದೈತ್ರಿ ಆ ಕಡೆ? ನಮಗೂ 4 ಘನ ಅಡಿ ಬೇಕಿತ್ತು.