ಅಪ್‌ಡೇಟ್: ಸೊಲ್ಲಾಪುರದಿಂದ ವೇರೂಳದ ಕೈಲಾಸ, ಒಂದೇ ದಿನದಲ್ಲಿ?

ಸೊಲ್ಲಾಪುರದಿಂದ ಹೋಗಿ ವೇರೂಳ ಅಂದರೆ ಎಲ್ಲೋರದ ಹಿಂದೂ ಗುಹೆಗಳನ್ನು ಒಂದೇ ದಿನದಲ್ಲಿ ನೋಡಿ ಬರಬಹುದೇ ಎಂದು ಕೇಳಿದ್ದೆ. ಬೇಡ. ತುಳಜಾಪುರ, ಬೀಡ ದಾಟಿ ಔರಂಗಾಬಾದಿಗೇ (ಈಗಿನ ಛತ್ರಪತಿ ಸಂಭಾಜಿನಗರ) ಸುಮಾರು 300 ಕಿ.ಮೀ., ಅಲ್ಲಿಂದ ಇನ್ನೂ 30. ರಾತ್ರಿ ಅಲ್ಲೇ ತಂಗಿರಿ. ಮಂಗಳವಾರ ಗುಹೆಗಳಿಗೆ ರಜೆ, ಅಜಂತಾಕ್ಕೆ ಸೋಮವಾರ. ಇವೆರಡು ಅದಲುಬದಲಾದರೆ ಗೇಟಿನಿಂದಲೇ ವಾಪಸ್.

ಹಿಂದೂ ಗುಹೆಗಳು 13ರಿಂದ 29. ಅದರಲ್ಲಿ 16ನೆಯದು ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣನ ಕೈಲಾಸ ದೇವಾಲಯ. ಅದೊಂದಕ್ಕೇ ಎರಡು ತಾಸು ಇಡಿ. ಬಂದವರೇ ಒಳಗೆ ನುಗ್ಗಬೇಡಿ. ಮೊದಲು ಪಕ್ಕದ ಗುಡ್ಡ ಹತ್ತಿ. ಒಂದೇ ಬಂಡೆಯನ್ನು ಶಿಖರದಿಂದ ಬುಡದವರೆಗೆ ಕಡೆಯುತ್ತಾ ಇಳಿದದ್ದು ಮೇಲಿನಿಂದ ನೋಡಿದರೇ ಅರ್ಥವಾಗುತ್ತದೆ. ಅಂಚಿಗೆ ಹೋಗಬೇಡಿ, ಮಳೆಗಾಲದಲ್ಲಿ ಕಲ್ಲು ಜಾರುತ್ತದೆ. ಆಮೇಲೆ ಕೆಳಗಿಳಿದು, ಗುಡಿಯ ದಕ್ಷಿಣ ಬದಿಯಲ್ಲಿ ಕೈಲಾಸ ಪರ್ವತವನ್ನು ಅಲುಗಿಸುತ್ತಿರುವ ರಾವಣನ ಶಿಲ್ಪದ ಮುಂದೆ ಸಾವಕಾಶ ನಿಲ್ಲಿ.

ಗುಹೆಗಳ ಮುಖ ಪಶ್ಚಿಮಕ್ಕೆ. ಹಾಗಾಗಿ ಮಧ್ಯಾಹ್ನದ ನಂತರವೇ ಬೆಳಕು ಒಳಗೆ ಬೀಳುವುದು. ಬೆಳಿಗ್ಗೆ ಹೋದರೆ ಫೋಟೋ ಕಪ್ಪು. ಪಕ್ಕದ 15ನೆಯದನ್ನು, ದಶಾವತಾರ ಗುಹೆಯನ್ನು, ಕನ್ನಡಿಗರಂತೂ ಬಿಡಬಾರದು: ರಾಷ್ಟ್ರಕೂಟ ದೊರೆ ದಂತಿದುರ್ಗನ ಶಾಸನ ಇರುವುದು ಅಲ್ಲೇ.